ಬೆರಳು, ಮನಿ ಆ್ಯಪ್, ಯುಪಿಐ: ಕಣ್ಣು ಕಾಣದೆ ದುಡ್ಡು ಕೊಡುವ ಮೂರು ದಾರಿ

ನನಗೆ ದೃಷ್ಟಿ ಪೂರ್ತಿ ಹೋಗಿ ಆರು ವರ್ಷ ಆಯಿತು. ಬಿಳಿ ಕೋಲು ಹಿಡಿದು ಓಡಾಡುವುದು ಬೇಗ ಬಂತು. ದುಡ್ಡು ಕೊಟ್ಟು ಚಿಲ್ಲರೆ ಎಣಿಸುವುದಕ್ಕೆ ಅದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಮೂರು ದಾರಿಯನ್ನೂ ಬಳಸಿ ನೋಡಿದ್ದೇನೆ.

ಮೊದಲು ಬೆರಳು. ಈಗಿನ 100, 200, 500ರ ನೋಟುಗಳ ಅಗಲ ಒಂದೇ, 66 ಮಿ.ಮೀ. ಉದ್ದ 142, 146, 150. ಬರೀ 4 ಮಿ.ಮೀ. ವ್ಯತ್ಯಾಸ! ಎರಡು ನೋಟು ಜೋಡಿಸಿ ಹಿಡಿದರೆ ಗೊತ್ತಾಗುತ್ತದೆ, ಒಂದೇ ಇದ್ದರೆ ಕಷ್ಟ. ಅಂಚಿನಲ್ಲಿ ಉಬ್ಬು ಗೆರೆಗಳಿವೆ, 100ಕ್ಕೆ 4, 500ಕ್ಕೆ 5. ಹೊಸ ನೋಟಿನಲ್ಲಿ ಚೆನ್ನಾಗಿ ಸಿಗುತ್ತವೆ, ಆದರೆ ಮಾರ್ಕೆಟ್‌ನಲ್ಲಿ ಎಷ್ಟೋ ಕೈ ದಾಟಿ, ಬೆವರು ಹೀರಿ ಮೆತ್ತಗಾದ ನೋಟಿನಲ್ಲಿ ಎಷ್ಟು ತಡವಿದರೂ ಸಿಗುವುದಿಲ್ಲ. ಇನ್ನೊಂದು ತೊಡಕು, ಹಳೇ 100ರ ನೋಟು 157 ಮಿ.ಮೀ. ಉದ್ದ. ಹೊಸ 500ಕ್ಕಿಂತ ದೊಡ್ಡದು. ಅಳತೆ ನಂಬಿದರೆ ಅಲ್ಲೇ ಮೋಸ ಹೋಗುತ್ತೇವೆ.

ನೋಟು ಗುರುತಿಸುವ ಮನಿ (MANI) ಆ್ಯಪನ್ನು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಬಿಟ್ಟಿತು. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ, ಬೇಕಿದ್ದರೆ ವೈಬ್ರೇಟ್ ಕೂಡ ಆಗುತ್ತದೆ. ಇಂಟರ್‌ನೆಟ್ ಬೇಡ. ಅರ್ಧ ಮಡಚಿದ ನೋಟನ್ನೂ ಗುರುತಿಸುತ್ತದೆ. ಖೋಟಾನೋಟು ಹೌದೋ ಅಲ್ಲವೋ ಅಂತ ಮಾತ್ರ ಹೇಳುವುದಿಲ್ಲ. ರಾತ್ರಿ ಮನೆಯಲ್ಲಿ ಕೂತು ನೋಟು ವಿಂಗಡಿಸಲು ನನಗೆ ಇದೇ ಬೇಕು. ಆದರೆ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ ಇದ್ದಾಗ ಫೋನ್ ಎಲ್ಲಿಂದ ತೆಗೆಯುವುದು? ಅದಕ್ಕೇ ಬೆಳಿಗ್ಗೆ ಹೊರಡುವ ಮೊದಲೇ 10, 20 ಒಂದು ಜೇಬಿಗೆ, 100 ಇನ್ನೊಂದಕ್ಕೆ, 500 ಮಡಚಿ ಒಳಜೇಬಿಗೆ.

ಇನ್ನು ಯುಪಿಐ. ಸರಿ ಇದ್ದಾಗ ಮೂರರಲ್ಲಿ ಇದೇ ವಾಸಿ, ಚಿಲ್ಲರೆಯ ಗೊಡವೆಯೇ ಇಲ್ಲ. ಕ್ಯೂಆರ್ ಕೋಡ್ ಎಲ್ಲಿ ಅಂಟಿಸಿದ್ದಾರೆ ಅಂತ ಹುಡುಕುವ ಬದಲು ನಾನು ಅಂಗಡಿಯವರ ನಂಬರ್ ಕೇಳುತ್ತೇನೆ. ಪಿನ್ ಒತ್ತುವಾಗ, ಪರದೆ ಮೇಲಿರುವುದನ್ನು ಓದಿ ಹೇಳುವ ನನ್ನ ಫೋನಿನ ಟಾಕ್‌ಬ್ಯಾಕ್ ಒಂದೊಂದೇ ಅಂಕಿ ಓದುತ್ತದೆ, ಹಾಗಾಗಿ ಕಿವಿಗೆ ಇಯರ್‌ಫೋನ್ ಇರಲೇಬೇಕು. ಇದನ್ನೆಲ್ಲ ಹೇಗೋ ಸಂಭಾಳಿಸಬಹುದು. ಆದರೆ ಕಳೆದ ವರ್ಷ ನಾನು ಬಳಸುತ್ತಿದ್ದ ಆ್ಯಪ್ ಅಪ್‌ಡೇಟ್ ಆಯಿತು, ಮಾರನೇ ದಿನ ದುಡ್ಡು ಕಳಿಸುವ ಬಟನ್ ಮೇಲೆ ಬೆರಳಿಟ್ಟರೆ ಟಾಕ್‌ಬ್ಯಾಕ್ 'ಹೆಸರಿಲ್ಲದ ಬಟನ್' ಅಂದಿತು. ಪಕ್ಕದ್ದೂ ಹೆಸರಿಲ್ಲದ ಬಟನ್. ಮೆಡಿಕಲ್ ಶಾಪ್‌ನಲ್ಲಿ ಹಿಂದೆ ಸಾಲು ನಿಂತಿದೆ, ನನ್ನ ದುಡ್ಡು ನನ್ನ ಕೈಯಲ್ಲೇ ಇದೆ, ಕೊಡಲು ಆಗುತ್ತಿಲ್ಲ. ಕೊನೆಗೆ ಗುರುತಿಲ್ಲದವರ ಕೈಗೆ ಫೋನ್ ಕೊಟ್ಟೆ. ಆ್ಯಪ್ ಬರೆಯುವವರು ಕೇಳಿ, ಆ ಬಟನ್ನಿನ ಚಿತ್ರಕ್ಕೆ 'ಕಂಟೆಂಟ್ ಡಿಸ್ಕ್ರಿಪ್ಷನ್' ಅನ್ನುವ ಜಾಗದಲ್ಲಿ ಒಂದು ಹೆಸರು ಬರೆದಿದ್ದರೆ ಸಾಕಿತ್ತು. ಒಂದೇ ಸಾಲು! ಬಿಡುಗಡೆಗೆ ಮುಂಚೆ ಕಣ್ಣು ಮುಚ್ಚಿ, ಟಾಕ್‌ಬ್ಯಾಕ್ ಹಾಕಿಕೊಂಡು, ನೀವೇ ಹತ್ತು ರೂಪಾಯಿ ಕಳಿಸಿ ನೋಡಿ.

ಅಂಗಡಿಗಳಲ್ಲಿ ಇಟ್ಟಿರುವ ಸೌಂಡ್‌ಬಾಕ್ಸ್ ಬಂದಿದ್ದು ಅಂಗಡಿಯವರಿಗೆ ಅಂತ. ಆದರೆ ಅರವತ್ತು ರೂಪಾಯಿ ಬಂತು ಅಂತ ಅದು ಜೋರಾಗಿ ಹೇಳಿದಾಗ, ಆರುನೂರು ಹೋಗಿಲ್ಲ ಅನ್ನುವುದು ನನಗೂ ಗೊತ್ತಾಗುತ್ತದೆ. ಆ ಡಬ್ಬಿ ಇರುವ ಅಂಗಡಿಗೇ ನಾನು ಈಗ ಜಾಸ್ತಿ ಹೋಗುವುದು.