ಆರು ಡಬ್ಬಿ, 168 ಮಾತ್ರೆ: ಹೆಪಟೈಟಿಸ್ ಸಿ ಉಚಿತ ಚಿಕಿತ್ಸೆ ಮುಗಿಸಿದ ಮೇಲೆ

ಇಲ್ಲಿಯವರೆಗೆ ನಾನು ಬರೆದ ವಿಮರ್ಶೆ ಅಂದರೆ ಒಂದು ಮಿಕ್ಸಿ, ಎರಡು ಜೊತೆ ಟಯರ್, ಒಂದು ಮಿಲಿಟರಿ ಹೋಟೆಲ್ಲಿನ ಮುದ್ದೆ ಊಟ. ಈ ಸಲ ಮಾತ್ರೆ. ಹೆಪಟೈಟಿಸ್ ಸಿ, ಅಂದರೆ ಒಂದು ವೈರಸ್ಸಿನಿಂದ ಬರುವ ಲಿವರ್ ಕಾಯಿಲೆ, ಇರುವವರಿಗೆ ಸರ್ಕಾರ ಪುಕ್ಕಟೆ ಕೊಡುವ ಮಾತ್ರೆ. 24 ವಾರ ನುಂಗಿ ಮುಗಿಸಿದ್ದೇನೆ.

ನಾನು ಲಾರಿ ಡ್ರೈವರ್. 1993ರಲ್ಲಿ ಶಿರಾಡಿ ಘಾಟಿಯಲ್ಲಿ ಗಾಡಿ ಮಗುಚಿ ಕಾಲು ಮುರಿದಾಗ ಎರಡು ಬಾಟ್ಲಿ ರಕ್ತ ಹಾಕಿದ್ದರು. ರಕ್ತಕ್ಕೆ ಈ ವೈರಸ್ಸಿನ ಪರೀಕ್ಷೆ ಆಗ ಕಡ್ಡಾಯ ಇರಲಿಲ್ಲ. ವೈರಸ್ ಪತ್ತೆಯಾಗಿಯೇ ನಾಲ್ಕು ವರ್ಷ ಆಗಿತ್ತಷ್ಟೆ. ಅಲ್ಲಿಂದಲೇ ಬಂದಿರಬೇಕು ಅನ್ನುತ್ತಾರೆ ಡಾಕ್ಟರು. ಮೂವತ್ತು ವರ್ಷ ಏನೂ ಆಗಲಿಲ್ಲ. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿ ಲುಂಗಿ ನಿಲ್ಲದ ಹಾಗಾಯಿತು. ಮನೆಯಲ್ಲಿ ಕಾಮಾಲೆ ಅಂದುಕೊಂಡು ನೆಲನೆಲ್ಲಿ ರಸ ಕುಡಿಸಿದರು, ಸಪ್ಪೆ ಊಟ ಹಾಕಿದರು. ಎರಡು ತಿಂಗಳು ಹಾಗೇ ಹೋಯಿತು. ತಮಾಷೆ ಅಂದರೆ ಆ ಸಪ್ಪೆ ಊಟ ಸರಿಯಾಗಿಯೇ ಇತ್ತಂತೆ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ಕಡಿಮೆ ಮಾಡಲೇಬೇಕು.

ಲಿವರ್ ಗಟ್ಟಿಯಾಗಿದೆ, ಸಿರೋಸಿಸ್ ಅಂದರು. ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಅಂತ 2018ರಿಂದ ಇದೆ. ಅದರಲ್ಲಿ ವೈರಸ್ ಪರೀಕ್ಷೆ, ಮಾತ್ರೆ ಎರಡಕ್ಕೂ ದುಡ್ಡಿಲ್ಲ. ಲಿವರ್ ಚೆನ್ನಾಗಿದ್ದವರಿಗೆ 12 ವಾರ ಸಾಕು. ನನ್ನಂಥವರಿಗೆ ರಿಬಾವಿರಿನ್ ಅನ್ನೋ ಇನ್ನೊಂದು ಔಷಧ ಸೇರಿಸಿ 12 ವಾರ ಕೊಡುತ್ತಾರೆ. ನನಗೆ ಮೊದಲೇ ರಕ್ತ ಕಡಿಮೆ, ಅದು ಒಗ್ಗಲ್ಲ ಅಂತ 24 ವಾರ ಬರೆದರು. ಸೋಫೋಸ್ಬುವಿರ್ 400 ಮಿಲಿಗ್ರಾಂ, ವೆಲ್ಪಟಾಸ್ವಿರ್ 100, ಎರಡೂ ಒಂದೇ ಮಾತ್ರೆಯಲ್ಲಿ. ದಿನಕ್ಕೊಂದು. ಡಬ್ಬಿಗೆ 28.

ಮಾತ್ರೆಯಿಂದ ತೊಂದರೆ ಏನೂ ಹೇಳಿಕೊಳ್ಳುವಷ್ಟಿಲ್ಲ. ಮೊದಲ ಹದಿನೈದು ದಿನ ತಲೆನೋವು, ಮಧ್ಯಾಹ್ನ ಸುಸ್ತು. ಕಷ್ಟವಾಗಿದ್ದು ಗ್ಯಾಸ್ ಮಾತ್ರೆ ಬಿಟ್ಟಿದ್ದು! ಇಪ್ಪತ್ತು ವರ್ಷದಿಂದ ಬೆಳಗ್ಗೆ ಕಾಫಿಗೆ ಮೊದಲು ಪ್ಯಾಂಟೊಪ್ರಜೋಲ್ ನುಂಗಿದವನು ನಾನು. ಹೊಟ್ಟೆಯ ಆಸಿಡ್ ಕಡಿಮೆಯಾದರೆ ವೆಲ್ಪಟಾಸ್ವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಗ್ಯಾಸ್ ಮಾತ್ರೆ ತಗೊಳ್ಳುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಿ. ಅದನ್ನು ಯಾರೂ ಔಷಧಿ ಲೆಕ್ಕಕ್ಕೇ ಸೇರಿಸುವುದಿಲ್ಲ, ಅಲ್ವಾ?

ಕಾಯುವುದು ಜಾಸ್ತಿ. ಔಷಧಿ ಕಿಟಕಿ ಮುಂದೆ ಒಂದು ಬೆಂಚು, ನಲವತ್ತು ಜನ. ಒಂದು ಸಲ ನನ್ನ ಹೆಸರಿನ ಮುಂದೆ ಬೇರೆಯವರ ವಯಸ್ಸು ಬರೆದು, ಅದನ್ನು ಸರಿಮಾಡಿಸುವುದಕ್ಕೇ ಒಂದು ದಿನ ಹೋಯಿತು. ಆದರೆ ಅಲ್ಲಿದ್ದ ಕೌನ್ಸೆಲರ್ ಹುಡುಗಿ ಬಹಳ ಒಳ್ಳೆಯವಳು. ಪ್ರತಿ ಸಲ ಖಾಲಿ ಡಬ್ಬಿ ಅಲ್ಲಾಡಿಸಿ ನೋಡಿ, "ಒಂದೂ ಬಿಟ್ಟಿಲ್ಲ ತಾನೇ ಅಂಕಲ್?" ಅನ್ನುತ್ತಿದ್ದಳು. ತಟ್ಟೆ ಲೋಟದಿಂದ ಇದು ಅಂಟುವುದಿಲ್ಲ, ರಕ್ತದಿಂದ ಅಂಟುತ್ತೆ, ರೇಜರ್ ಮಾತ್ರ ಬೇರೆ ಇಟ್ಟುಕೊಳ್ಳಿ ಅಂತ ನನ್ನ ಹೆಂಡತಿಗೆ ಕೂರಿಸಿ ಹೇಳಿದಳು. ಅದೇ ರಾತ್ರಿ ನನ್ನ ಲೋಟ ಮತ್ತೆ ಎಲ್ಲರ ಲೋಟದ ಸಾಲಿಗೆ ಬಂತು.

ಆರನೇ ಡಬ್ಬಿ ನಡೆಯುವಾಗ ಖುಷಿಯಾಗಿರಬೇಕಿತ್ತು. ಆಗಲಿಲ್ಲ. ತುಂಬಿದ ಡಬ್ಬಿ ಸದ್ದು ಮಾಡುವುದಿಲ್ಲ. ನಾಲ್ಕೈದು ಉಳಿದಾಗ ಗಲಗಲ ಅನ್ನುತ್ತೆ. ಆ ಸದ್ದು ಕೇಳಿದರೆ ಹೊಟ್ಟೆ ತೊಳೆಸಿದ ಹಾಗಾಗುತ್ತಿತ್ತು. ಕೊನೆಯದನ್ನು ನುಂಗಿದ ರಾತ್ರಿ ಹೆಂಡತಿ ಹೆಸರುಬೇಳೆ ಪಾಯಸ ಮಾಡಿದ್ದಳು. ಎರಡು ಚಮಚ ತಿಂದು ಎದ್ದೆ. ರಾತ್ರಿಯಿಡೀ ಗಾಡಿ ಓಡಿಸಿ ಇಂಜಿನ್ ಆಫ್ ಮಾಡಿದ ಮೇಲೂ ಕೈಯಲ್ಲಿ ಸ್ಟೀರಿಂಗ್ ನಡುಗುತ್ತಲೇ ಇರುತ್ತೆ. ಹಾಗಿತ್ತು.

ನಮ್ಮ ಓನರ್ ತಮ್ಮನ ನೆನಪು ಬೇರೆ. ಅವರಿಗೂ ಇದೇ ಕಾಯಿಲೆ. ಆಗ ಇಂಟರ್ಫೆರಾನ್ ಇಂಜೆಕ್ಷನ್, ವಾರಕ್ಕೊಂದು, 48 ವಾರ. ಪ್ರತಿ ಸಲ ಚಳಿಜ್ವರ, ಕೂದಲೆಲ್ಲ ಉದುರಿತು. ಒಂದು ಗಾಡಿ ಮಾರಿದರು. ಅರ್ಧಕ್ಕೇ ನಿಲ್ಲಿಸಬೇಕಾಯಿತು. 2014ರಲ್ಲಿ ಹೋದರು. ಅಮೆರಿಕದಲ್ಲಿ ಆಗ ಸೋಫೋಸ್ಬುವಿರ್ ಒಂದು ಮಾತ್ರೆಗೆ ಸಾವಿರ ಡಾಲರ್. ನಮ್ಮಲ್ಲಿ ಕಡಿಮೆ ಬೆಲೆಯ ಜೆನೆರಿಕ್ ಮಾರುಕಟ್ಟೆಗೆ ಬಂದಿದ್ದು 2015ರಲ್ಲಿ. ಒಂದೇ ವರ್ಷ. ಅವರ ಮಗ ಎದುರಿಗೆ ಸಿಕ್ಕಿ "ವಾಸಿ ಆಯ್ತಂತೆ ಅಣ್ಣಾ, ಒಳ್ಳೇದಾಯ್ತು" ಅಂದಾಗ ನನಗೆ ಮಾತು ಹೊರಡಲಿಲ್ಲ.

ಮಾತ್ರೆ ನಿಂತ ಮೇಲೆ 12 ವಾರ ಕಾದು ಮತ್ತೆ ರಕ್ತ ಕೊಡಬೇಕು. ಆಗ ವೈರಸ್ ಕಾಣದಿದ್ದರೆ ಮಾತ್ರ ವಾಸಿ ಅಂತ ಲೆಕ್ಕ. ನನ್ನದರಲ್ಲಿ "ನಾಟ್ ಡಿಟೆಕ್ಟೆಡ್" ಅಂತ ಬಂತು. ಬಸ್ ಸ್ಟ್ಯಾಂಡಲ್ಲಿ ಕೂತು ಮೂರು ಸಲ ಓದಿದೆ.

ನಾನು ಅರ್ಧ ಸ್ಟಾರ್ ಕಡಿಯುವುದು ಇಲ್ಲೇ. ಮಾತ್ರೆ ಶುರು ಮಾಡುವಾಗ ಅಷ್ಟು ಹೇಳುತ್ತಾರೆ, ಮುಗಿದ ಮೇಲೆ ಏನು ಅಂತ ಒಂದು ಚೀಟಿ ಸಹ ಕೊಡಲಿಲ್ಲ. ವೈರಸ್ ಹೋದರೂ ರಕ್ತದಲ್ಲಿ ಅದರ ಗುರುತು, ಆಂಟಿಬಾಡಿ, ಉಳಿದುಬಿಡುತ್ತೆ. ಹಲ್ಲು ಕೀಳಿಸಲು ಹೋದಾಗ ಅಲ್ಲಿಯ ಪರೀಕ್ಷೆಯಲ್ಲಿ "ರಿಯಾಕ್ಟಿವ್" ಅಂತ ಬಂತು. ಬೆಳಗ್ಗೆ ಹತ್ತಕ್ಕೆ ಬಂದವನನ್ನು ಎಲ್ಲರೂ ಮುಗಿದ ಮೇಲೆ ಸಂಜೆ ಆರಕ್ಕೆ ಕರೆದರು. ವಾಸಿಯಾಗಿದೆ ಅಂದರೆ ನಂಬಲೇ ಇಲ್ಲ. ಈಗ ಆ ನಾಟ್ ಡಿಟೆಕ್ಟೆಡ್ ರಿಪೋರ್ಟಿಗೆ ಲ್ಯಾಮಿನೇಶನ್ ಮಾಡಿಸಿ, ಡಿಎಲ್, ಆಧಾರ್ ಜೊತೆ ಇಟ್ಟುಕೊಂಡಿದ್ದೇನೆ. ನೀವೂ ಮಾಡಿಸಿ.

ಐದಕ್ಕೆ ನಾಲ್ಕೂವರೆ. ಖಾಲಿ ಡಬ್ಬಿಗಳಲ್ಲಿ ಈಗ ನಟ್ಟು, ಬೋಲ್ಟು, ವಾಷರ್. ಆರನೆಯದಕ್ಕೆ ಇನ್ನೂ ಏನೂ ಹಾಕಿಲ್ಲ. ಲಿವರ್ ಗಟ್ಟಿಯಾಗಿದ್ದು ಹಾಗೇ ಇದೆ. ಕ್ಯಾನ್ಸರ್ ಭಯ ಪೂರ್ತಿ ಹೋಗಿಲ್ಲವಾದ್ದರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು. ಮುಂದಿನದು ದೀಪಾವಳಿ ಮುಗಿದ ಮರುವಾರ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಐದೂಕಾಲರ ಬಸ್ಸು.