ಆಮೆಗತಿ, ನಾಗಾಲೋಟ, ಕ್ಯುಸೆಕ್: ಒಂದು ದಿನಪತ್ರಿಕೆಯ ವಿಮರ್ಶೆ

ಹಲವು ವರ್ಷಗಳಿಂದ ನಮ್ಮ ಮನೆಗೆ ಬರುತ್ತಿರುವ ಕನ್ನಡ ದಿನಪತ್ರಿಕೆಯ ಚಂದಾ ನವೀಕರಿಸುವ ಮುನ್ನ, ಅದರ ವರದಿಗಾರರು ವೇಗವನ್ನು ಯಾವ ಮಾತುಗಳಲ್ಲಿ ಹೇಳುತ್ತಾರೆಂಬುದನ್ನಷ್ಟೇ ಗಮನಿಸುತ್ತ ಒಂದು ತಿಂಗಳು ಓದಿದೆ.

ಮೊದಲ ಸ್ಥಾನ ಒಳಪುಟದ ಜಲಾಶಯ ಮಟ್ಟದ ಪಟ್ಟಿಗೆ ಸಲ್ಲಬೇಕು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಮತ್ತು ಹೊರಹರಿವು ಇಷ್ಟು ಕ್ಯುಸೆಕ್ ಎಂದು ಹೇಳಿ ಅದು ಸುಮ್ಮನಾಗುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್, 11,574 ಕ್ಯುಸೆಕ್‌ನಂತೆ ಇಡೀ ದಿನ ಹರಿದರೆ ಒಂದು ಟಿಎಂಸಿ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಈ ಲೆಕ್ಕ ಬಲ್ಲ ಮಂಡ್ಯದ ರೈತನಿಗೆ ಆ ಪಟ್ಟಿಯಲ್ಲಿ ವಿಶೇಷಣಗಳ ಅಗತ್ಯವೇ ಇಲ್ಲ. ಆದರೆ ಅದೇ ನೀರು ಮುಖಪುಟಕ್ಕೆ ಬಂದಾಗ ನದಿ ‘ಬೋರ್ಗರೆಯುತ್ತದೆ’, ಅಂಕಿ ಮಾಯವಾಗುತ್ತದೆ.

ಹವಾಮಾನ ವರದಿಯ ದೋಷ ಇದಕ್ಕಿಂತ ಗಂಭೀರವಾದದ್ದು. ಚಂಡಮಾರುತಕ್ಕೆ ಎರಡು ವೇಗಗಳಿವೆ: ಸುತ್ತುವ ಗಾಳಿಯದು ಒಂದು, ಇಡೀ ವ್ಯವಸ್ಥೆ ದಡದತ್ತ ಸಾಗುವುದು ಇನ್ನೊಂದು. ಹವಾಮಾನ ಇಲಾಖೆ ‘ತೀವ್ರ ಚಂಡಮಾರುತ’ ಎನ್ನುವುದು ಗಾಳಿಯ ವೇಗ ಗಂಟೆಗೆ 89ರಿಂದ 117 ಕಿ.ಮೀ. ಇದ್ದಾಗ, ಅದೇ ಚಂಡಮಾರುತ ಮುಂದೆ ಸಾಗುವುದು ಗಂಟೆಗೆ ಹತ್ತು ಹದಿನೈದು ಕಿ.ಮೀ.ನಷ್ಟು ನಿಧಾನವಾಗಿಯೂ ಇರಬಹುದು. ‘ನೂರು ಕಿ.ಮೀ. ವೇಗದಲ್ಲಿ ಧಾವಿಸುತ್ತಿದೆ’ ಎಂದು ಬರೆದರೆ, ದೋಣಿ ಎಳೆದು ಕಟ್ಟಲು ತನಗೆ ಎಷ್ಟು ಹೊತ್ತು ಉಳಿದಿದೆ ಎಂದು ಮೀನುಗಾರ ಹೇಗೆ ತಿಳಿದಾನು?

ವಾಣಿಜ್ಯ ಪುಟದಲ್ಲಿ ಸೂಚ್ಯಂಕದ ‘ನಾಗಾಲೋಟ’ ನಿತ್ಯದ್ದು. (ಈ ಪದಕ್ಕೂ ನಾಗರಹಾವಿಗೂ ನಂಟಿಲ್ಲ, ಅದು ಕುದುರೆಯ ನಾಲ್ಕು ಕಾಲಿನ ಓಟ.) ಅದನ್ನು ಸಹಿಸಬಹುದು. ಆದರೆ ಬೆಳವಣಿಗೆ ದರ ಶೇ 8ರಿಂದ ಶೇ 6ಕ್ಕೆ ಇಳಿದಾಗ ‘ಆರ್ಥಿಕತೆ ಕುಸಿತ’ ಎಂಬ ಶೀರ್ಷಿಕೆ ಕೊಡುವುದು ತಪ್ಪು. ಓಟದ ವೇಗ ತಗ್ಗಿದೆಯೇ ಹೊರತು ಯಾರೂ ಹಿಂದಕ್ಕೆ ನಡೆದಿಲ್ಲ.

ಕ್ರೀಡಾಪುಟ ಓದುವಾಗ 2020ರ ಫೆಬ್ರುವರಿ ನೆನಪಾಯಿತು. ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ ಮಾಧ್ಯಮಗಳು ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ 9.58ರ ಪಕ್ಕದಲ್ಲಿಟ್ಟವು. ಭಾಗಾಕಾರ ಸರಿಯಾಗಿಯೇ ಇತ್ತು. ಮುಂದೆ ಎಳೆಯುವ ಕೋಣಗಳೂ ಕಾಲಡಿಯ ಕೆಸರೂ ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ಸಂಗೀತ ವಿಮರ್ಶೆಯ ಅಂಕಣ ನನಗೆ ಅನಿರೀಕ್ಷಿತ ಸಂತೋಷ ಕೊಟ್ಟಿತು. ವಿಳಂಬ, ಮಧ್ಯಮ, ದ್ರುತ ಎಂಬ ಕಾಲಭೇದವನ್ನೂ ಒಂದನೇ ಕಾಲಕ್ಕಿಂತ ಎರಡನೇ ಕಾಲ ಇಮ್ಮಡಿ ಎಂಬುದನ್ನೂ ಅರಿತೇ ಬರೆಯುವ ಆ ವಿಮರ್ಶಕರಿಗೆ ನಿಧಾನವು ದೋಷವಲ್ಲ. ಪತ್ರಿಕೆಯ ಉಳಿದೆಲ್ಲ ಪುಟಗಳಲ್ಲಿ ಅದು ಬೈಗುಳವೇ ಸರಿ.

ಜಿಲ್ಲಾ ಪುಟದಲ್ಲಿ ಕಾಮಗಾರಿ ಒಂದು ದಿನ ‘ಆಮೆಗತಿ’ಯಲ್ಲಿದ್ದರೆ, ಸಚಿವರು ಬಂದು ಹೋದ ಮರುದಿನ ‘ಸಮರೋಪಾದಿ’ಯಲ್ಲಿರುತ್ತದೆ. ಎಷ್ಟು ತಿಂಗಳಲ್ಲಿ ಎಷ್ಟು ಮೀಟರ್ ರಸ್ತೆಯಾಯಿತೆಂದು ಒಂದು ವರದಿಯೂ ಹೇಳಲಿಲ್ಲ. ಜಲಾಶಯದ ಪಟ್ಟಿ ಮತ್ತು ಸಂಗೀತದ ಅಂಕಣಕ್ಕಾಗಿ ಚಂದಾ ನವೀಕರಿಸಿದ್ದೇನೆ, ಈ ಸಲ ಆರು ತಿಂಗಳಿಗೆ ಮಾತ್ರ.