ಟ್ಯಾವಿಸ್ಟಾಕ್ ಕಾಲುವೆಯ ದಂಡೆಯಲ್ಲಿ ಜಾನ್ ಟೇಲರ್ ನಡಿಗೆ: ಹೋಗಿಬಂದವರ ಅನಿಸಿಕೆ

ನನ್ನ ತಾತ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾಗಿ ಎಷ್ಟೋ ವರ್ಷ ಕಳೆದ ಮೇಲೂ ಅವರ ಬಾಯಲ್ಲಿ ಅದು 'ಟೇಲರ್ ಕಂಪನಿ'ಯೇ ಆಗಿತ್ತು. ಆ ಟೇಲರ್ ಯಾರೆಂದು ತಿಳಿಯುವ ಆಸೆ ನನ್ನಲ್ಲಿ ಬಹಳ ಕಾಲದಿಂದ ಇದ್ದುದರಿಂದ, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಟ್ಯಾವಿಸ್ಟಾಕ್ ಪಟ್ಟಣದಲ್ಲಿ ಗಣಿ ಎಂಜಿನಿಯರ್ ಜಾನ್ ಟೇಲರ್ ಅವರ ಹೆಸರಿನಲ್ಲಿ ಮಾರ್ಗದರ್ಶಕರೊಡನೆ ಅರ್ಧ ದಿನದ ಕಾಲ್ನಡಿಗೆ ಏರ್ಪಡುತ್ತದೆ ಎಂದು ತಿಳಿದ ಕೂಡಲೇ ಮುಂಗಡ ಹಣ ಕಟ್ಟಿದೆ.

ನಡಿಗೆ ಆರಂಭವಾಗುವುದು ಟ್ಯಾವಿ ನದಿಯ ನೀರು ಕಾಲುವೆಗೆ ತಿರುಗುವ ಜಾಗದ ಹತ್ತಿರ. ಮಾರ್ಗದರ್ಶಕರು ಮೊದಲು ಯಾವ ಭಾಷಣವನ್ನೂ ಮಾಡಲಿಲ್ಲ. ದಂಡೆಯಲ್ಲಿ ಬಿದ್ದಿದ್ದ ಒಂದು ಒಣಗಿದ ಓಕ್ ಎಲೆಯನ್ನು ಎತ್ತಿ ನೀರಿಗೆ ಬಿಟ್ಟು, ಅದರ ಜೊತೆ ನಡೆಯಿರಿ ಎಂದರು. ಎಲೆ ನಿಲ್ಲಲಿಲ್ಲ, ನಮ್ಮ ನಿಧಾನ ನಡಿಗೆಯ ಪಕ್ಕದಲ್ಲೇ, ಒಮ್ಮೆ ಹುಲ್ಲಿಗೆ ತಾಗಿ ಸುತ್ತಿ, ಮತ್ತೆ ಬಿಡಿಸಿಕೊಂಡು ಸಾಗಿತು. ದೋಣಿ ಸಾಗುವ ಕಾಲುವೆಯನ್ನು ಸಾಮಾನ್ಯವಾಗಿ ಸಮತಟ್ಟಾಗಿ ಕಟ್ಟುತ್ತಾರೆ, ನೀರು ನಿಂತೇ ಇರುತ್ತದೆ. ಟೇಲರ್ ಮಾತ್ರ ಮೈಲಿಗೆ ಸುಮಾರು ಒಂದು ಅಡಿಯಷ್ಟು ಇಳಿಜಾರನ್ನು ಬೇಕೆಂದೇ ಇಟ್ಟರು. ಅದಿರು ತುಂಬಿದ ದೋಣಿಗೆ ಹರಿವೇ ನೆರವಾಗಬೇಕು, ಅದೇ ನೀರು ದಾರಿಯುದ್ದಕ್ಕೂ ಗಣಿಗಳ ನೀರಿನ ಚಕ್ರಗಳನ್ನೂ ತಿರುಗಿಸಬೇಕು ಎಂಬುದು ಅವರ ಲೆಕ್ಕಾಚಾರ. ಒಂದು ಎಲೆಯಿಂದ ಇದು ನನಗೆ ಮನದಟ್ಟಾದಷ್ಟು ಯಾವ ನಕ್ಷೆಯಿಂದಲೂ ಆಗಿರಲಿಲ್ಲ.

ಟೇಲರ್ ಹುಟ್ಟಿದ್ದು 1779ರಲ್ಲಿ, ಗಣಿಗಳಿಗೆ ಸಂಬಂಧವೇ ಇಲ್ಲದ ನಾರಿಚ್ ನಗರದಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಟ್ಯಾವಿಸ್ಟಾಕ್ ಬಳಿಯ ವೀಲ್ ಫ್ರೆಂಡ್‌ಶಿಪ್ ಎಂಬ ತಾಮ್ರದ ಗಣಿಯ ವ್ಯವಸ್ಥಾಪಕರಾದರು. 1803ರಲ್ಲಿ ಕಾಲುವೆಯ ಕೆಲಸ ಆರಂಭವಾದಾಗ ಅವರಿಗೆ ಇನ್ನೂ ಇಪ್ಪತ್ತನಾಲ್ಕು. ಸುಮಾರು ನಾಲ್ಕೂವರೆ ಮೈಲಿಯ ಈ ಕಾಲುವೆ ಮುಗಿದದ್ದು 1817ರಲ್ಲಿ. ಇಷ್ಟು ವರ್ಷ ಹಿಡಿದದ್ದು ಮಾರ್ವೆಲ್ ಗುಡ್ಡದ ಅಡಿಯಲ್ಲಿ ಕೊರೆದ, ಒಂದೂವರೆ ಮೈಲಿಗೆ ಸ್ವಲ್ಪ ಕಡಿಮೆಯ ಸುರಂಗದಿಂದಾಗಿ. ಕೈ ಉಳಿ, ಸುತ್ತಿಗೆ, ಕರಿಮದ್ದು ಬಿಟ್ಟರೆ ಬೇರೆ ಸಾಧನವಿಲ್ಲದ ಕಾಲ ಅದು. ಒಳಗೆ ಉಸಿರು ಕಟ್ಟದಂತೆ ಗಾಳಿಯನ್ನು ಹೊರಗೆಳೆಯುವ, ನೀರಿನ ಚಕ್ರದಿಂದ ನಡೆಯುವ ಯಂತ್ರವೊಂದನ್ನು ಟೇಲರ್ ತಾವೇ ರೂಪಿಸಿದರು. ಸುರಂಗ ಕೊರೆಯುವಾಗಲೇ ತಾಮ್ರದ ಅದಿರು ಸಿಕ್ಕಿ, ಅದು ವೀಲ್ ಕ್ರೀಬರ್ ಎಂಬ ಬೇರೆಯದೇ ಗಣಿಯಾಯಿತು.

ಸುರಂಗದ ಒಳಗೆ ಪ್ರವೇಶವಿಲ್ಲ. ಅಲ್ಲಿಂದ ನಮ್ಮನ್ನು ವ್ಯಾನಿನಲ್ಲಿ ಟೇಮರ್ ನದಿಯ ಮಾರ್ವೆಲ್‌ಹ್ಯಾಮ್ ಬಂದರಿಗೆ ಕರೆದೊಯ್ದರು. ಕಾಲುವೆ ಗುಡ್ಡದ ಆಚೆ ಹೊರಬರುವ ಜಾಗ ಬಂದರಿಗಿಂತ 237 ಅಡಿ ಎತ್ತರದಲ್ಲಿದೆ. ಅದಿರನ್ನು ಹಳಿಗಳ ಮೇಲಿನ ಬಂಡಿಗಳಲ್ಲಿ ಇಳಿಸುತ್ತಿದ್ದ ಇಳಿಜಾರಿನ ಗುರುತು ಇವತ್ತಿಗೂ ಉಳಿದಿದೆ. ಟೇಲರ್ ಹರಿಸಿದ ಆ ನೀರೇ 1930ರ ದಶಕದಿಂದ ಇಲ್ಲಿ ವಿದ್ಯುತ್ತನ್ನು ಉತ್ಪಾದಿಸುತ್ತಿದೆ ಎಂಬುದನ್ನು ಕೇಳಿದಾಗ, 1902ರಲ್ಲಿ ಶಿವನಸಮುದ್ರದಿಂದ ಕೆ.ಜಿ.ಎಫ್.ಗೆ ಹರಿದ ವಿದ್ಯುತ್ತು ನನಗೆ ತಾನಾಗಿ ನೆನಪಾಯಿತು.

ಇಷ್ಟು ಮೆಚ್ಚಿದ ಮೇಲೆ ಕೊರತೆಯನ್ನೂ ಹೇಳಬೇಕು. ದಾರಿ ಕಿರಿದಾದ್ದರಿಂದ ಹನ್ನೆರಡು ಜನ ಸಾಲಾಗಿ ನಡೆಯಬೇಕಾಗಿ, ಹಿಂದಿದ್ದವರಿಗೆ ಅರ್ಧ ಮಾತು ಕೇಳಿಸಲಿಲ್ಲ. ಕ್ರೌಂಡೇಲ್ ತಲುಪಿದಾಗ ಅಲ್ಲಿ ಹುಟ್ಟಿದ ನಾವಿಕ ಫ್ರಾನ್ಸಿಸ್ ಡ್ರೇಕ್‌ನ ಕಥೆಗೆ ಅಗತ್ಯಕ್ಕಿಂತ ಹೆಚ್ಚು ಸಮಯ ಹೋಯಿತು. ಇದಕ್ಕಿಂತ ದೊಡ್ಡ ಕೊರತೆಯೆಂದರೆ ಟೇಲರ್ ಅವರ ಕಥೆ ಕಾಲುವೆಯ ಜೊತೆಗೇ ಮುಗಿದುಹೋದದ್ದು. 1819ರಲ್ಲಿ ಕಾರ್ನ್‌ವಾಲ್‌ನ ಕನ್ಸಾಲಿಡೇಟೆಡ್ ಗಣಿಗಳನ್ನು ಮತ್ತೆ ತೆರೆದು ಲಾಭಕ್ಕೆ ತಂದದ್ದು, 1824ರಿಂದ ಕಾರ್ನ್‌ವಾಲ್‌ನ ಗಣಿಗಾರರನ್ನೂ ಉಗಿಯಂತ್ರಗಳನ್ನೂ ಮೆಕ್ಸಿಕೋದ ರಿಯಲ್ ದೆಲ್ ಮಾಂಟೆಯ ಬೆಳ್ಳಿ ಗಣಿಗಳಿಗೆ ಕಳಿಸಿ, ಆ ಸಾಹಸ ಕಾಲು ಶತಮಾನ ಹಣ ನುಂಗಿ ಸೋತದ್ದು, ಗಣಿಗಾರರಿಗೆಂದೇ ಶಾಲೆ ಬೇಕೆಂದು ಬಹಳ ಮೊದಲೇ ವಾದಿಸಿದ್ದು, ಇವೆಲ್ಲ ಒಂದೆರಡು ವಾಕ್ಯಗಳಲ್ಲಿ ಸರಿದುಹೋದವು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬ್ರಿಟನ್ನಿನ ಗಣಿ ಉದ್ಯಮದ ಅತಿ ದೊಡ್ಡ ಹೆಸರುಗಳಲ್ಲಿ ಒಂದಾಗಿದ್ದು, 1863ರಲ್ಲಿ ತೀರಿಕೊಂಡ ವ್ಯಕ್ತಿಯನ್ನು ಯೌವನದಲ್ಲೇ ಬಿಟ್ಟುಬರುವುದು ನನಗೆ ಸರಿ ಕಾಣಲಿಲ್ಲ. ಸೋಲಿನ ಕಥೆಯಾದರೂ ಮೆಕ್ಸಿಕೋಗೆ ಹತ್ತು ನಿಮಿಷ ಮೀಸಲಿಡಲೇಬೇಕಿತ್ತು, ಏಕೆಂದರೆ ದೂರದೇಶದ ಗಣಿಯನ್ನು ಲಂಡನ್ನಿನಲ್ಲಿ ಕುಳಿತು ನಡೆಸುವ ಪದ್ಧತಿಯನ್ನು ಟೇಲರ್ ಕುಟುಂಬ ಕಲಿತದ್ದು ಅಲ್ಲಿಯೇ.

ಕೋಲಾರದ ಮಾತಂತೂ ಬರಲೇ ಇಲ್ಲ. ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಅಲ್ಲಿಗೆ ಕಾಲಿಟ್ಟಾಗ ಟೇಲರ್ ತೀರಿಕೊಂಡು ಹದಿನೇಳು ವರ್ಷವಾಗಿತ್ತು, ನಿಜ. ಆದರೆ ಹೂಡಿದ ಹಣ ಕರಗುತ್ತಿದ್ದಾಗಲೂ ಆಳಕ್ಕೆ ಇಳಿಯುವ ಹಟವನ್ನು ಬಿಡದೆ ಚಾಂಪಿಯನ್ ರೀಫ್‌ನ ಚಿನ್ನವನ್ನು ಮುಟ್ಟಿದವರು ಅವರ ಸಂಸ್ಥೆಯವರೇ. ವಿರಾಮದಲ್ಲಿ ನಾನು ಇದನ್ನು ಹೇಳಿದಾಗ ಮಾರ್ಗದರ್ಶಕರು ಬೇಸರಪಡಲಿಲ್ಲ. ಚಹಾದ ಲೋಟವನ್ನು ಕೆಳಗಿಟ್ಟು ಪುಸ್ತಕ ತೆಗೆದು, ಮೂರು ಕಿಲೋಮೀಟರಿಗೂ ಮಿಕ್ಕಿದ ಆಳ, 2001ರ ಫೆಬ್ರವರಿ 28ರಂದು ಕೋಲಾರದ ಗಣಿಗೆ ಬಿದ್ದ ಬೀಗ, ಎಲ್ಲವನ್ನೂ ಬರೆದುಕೊಂಡರು. ಉಳಿದವರೂ ಸುತ್ತ ಬಂದು ನಿಂತರು. ತಾತ ಅಂಡರ್‌ಗ್ರೌಂಡ್‌ಗೆ ಇಳಿಯುವಾಗ ಹಾಕುತ್ತಿದ್ದ ಟೋಪಿಯ ಚಿತ್ರ ನನ್ನ ಫೋನಿನಲ್ಲಿತ್ತು, ಅದನ್ನು ತೋರಿಸಿದೆ.

ಕೊಟ್ಟ ಹಣಕ್ಕೆ ಮೋಸವಿಲ್ಲ. ಟೇಲರ್ ಅವರ ಉಳಿದ ಬದುಕನ್ನು ಮೊದಲೇ ಓದಿಕೊಂಡು ಹೋಗಿ, ಮಣ್ಣು ಜಾರುವುದರಿಂದ ಹಿಡಿತವಿರುವ ಬೂಟು ಹಾಕಿಕೊಳ್ಳಿ, ಸಾಲಿನಲ್ಲಿ ಮಾರ್ಗದರ್ಶಕರ ಬೆನ್ನ ಹಿಂದೆಯೇ ನಡೆಯಿರಿ. ಓಕ್ ಎಲೆಯನ್ನು ನೀರಿಗೆ ಬಿಟ್ಟಾಗ ಅದರ ಜೊತೆ ಆದಷ್ಟು ದೂರ ಹೋಗಿ.